ಎಂಟು ಜೀವ ಕಳೆದುಕೊಂಡ ಬೆಕ್ಕು, ಸಾಯೋಕೇ ಬಾರದ ಹೀರೋಗಳು

ಮೊದಲೇ ಹೇಳಿಬಿಡ್ತೀನಿ, ಈ ಬರಹದ ತುಂಬಾ ಸ್ಪಾಯ್ಲರ್‌ಗಳಿವೆ. ಯಾವ ಸಿನಿಮಾದಲ್ಲಿ ಯಾರು ಸಾಯ್ತಾರೆ, ಸತ್ತವರು ಎಷ್ಟು ಹೊತ್ತಿಗೆ ಎದ್ದು ಬರ್ತಾರೆ ಅನ್ನೋದೇ ಇಲ್ಲಿ ವಿಷಯ, ಹಾಗಾಗಿ ಬೇರೆ ದಾರಿ ಇಲ್ಲ. ನಾನು ಕಾಮಿಕ್ಸ್ ಓದಿಕೊಂಡು ಬೆಳೆದಿಲ್ಲ. ಯಾವ ಪಾತ್ರ ಯಾವ ಸಂಚಿಕೆಯಲ್ಲಿ ಮೊದಲು ಬಂತು ಅಂತ ಕೇಳಿದರೆ ಗೊತ್ತಿಲ್ಲ. ಇಂಟರ್ನಲ್ಸ್ ಮುಗಿದ ದಿನ ಗ್ಯಾಂಗ್ ಯಾವುದಕ್ಕೆ ಟಿಕೆಟ್ ಬುಕ್ ಮಾಡುತ್ತೋ ಅದಕ್ಕೆ ಹೋಗ್ತೀನಿ, ಉಳಿದದ್ದೆಲ್ಲ ಹಾಸ್ಟೆಲ್ ವೈಫೈ ಕೃಪೆ. ಅಂಥ ಸಾಧಾರಣ ಪ್ರೇಕ್ಷಕರೊಬ್ಬರ ದೂರು ಇದು.

ದೂರು ಇಷ್ಟೇ: ಈಗಿನ ಸೂಪರ್‌ಹೀರೋ ಸಿನಿಮಾಗಳಲ್ಲಿ ಸಾವಿಗೆ ಬೆಲೆ ಇಲ್ಲ. ಸಾವಿಗೆ ಬೆಲೆ ಇಲ್ಲದ ಕಡೆ ಹೊಡೆದಾಟಕ್ಕೂ ಬೆಲೆ ಇರಲ್ಲ. ತಮಾಷೆ ಅಂದ್ರೆ, ಜೀವದ ಲೆಕ್ಕವನ್ನ ಸರಿಯಾಗಿ ಇಡ್ತಿರೋದು ನಮ್ಮವರೆಲ್ಲ "ಚಿಕ್ಕಮಕ್ಕಳ ಕಾರ್ಟೂನ್" ಅಂತ ಪಕ್ಕಕ್ಕಿಡೋ ಅನಿಮೇಷನ್ ಸಿನಿಮಾಗಳು.

2019ರಲ್ಲಿ 'ಅವೆಂಜರ್ಸ್: ಎಂಡ್‌ಗೇಮ್' ಬಂದಾಗ ನಮ್ಮ ಬ್ಯಾಚಿನವರೆಲ್ಲ ಏಳನೇ ಕ್ಲಾಸ್ ಮುಗಿಸಿ ಬೇಸಿಗೆ ರಜೆಯಲ್ಲಿದ್ವಿ. ಟೋನಿ ಸ್ಟಾರ್ಕ್ ಚಿಟಿಕೆ ಹೊಡೆದು ಸತ್ತಾಗ ಥಿಯೇಟರಿನಲ್ಲಿ ಅಳದೇ ಇದ್ದವರು ಪಾಪ್‌ಕಾರ್ನ್ ಮಾರೋರು ಮಾತ್ರ ಇರಬೇಕು. ಆ ಅಳು ಸುಳ್ಳಲ್ಲ. ಹನ್ನೊಂದು ವರ್ಷ ಒಬ್ಬ ಮನುಷ್ಯನನ್ನ ತೋರಿಸಿ ಆಮೇಲೆ ಅವನ ಕತೆ ಮುಗಿಸಿದ್ರು. ಈಗ ಅದೇ ರಾಬರ್ಟ್ ಡೌನಿ ಜೂನಿಯರ್ 2026ರ ಡಿಸೆಂಬರ್‌ಗೆ ಅಂತ ಹೇಳಿರೋ 'ಅವೆಂಜರ್ಸ್: ಡೂಮ್ಸ್‌ಡೇ'ಯಲ್ಲಿ ಡಾಕ್ಟರ್ ಡೂಮ್ ಆಗಿ ವಾಪಸ್. ಪಾತ್ರ ಬೇರೆ ಅಂತೀರಿ. ಒಪ್ಪಿದೆ. ಆದರೆ ಟಿಕೆಟ್ ಮಾರಾಟ ಆಗೋದು ಯಾವ ಮುಖದಿಂದ ಅನ್ನೋದು ನಿಮಗೂ ಗೊತ್ತು, ಅವರಿಗೂ ಗೊತ್ತು.

ಇದಕ್ಕಿಂತ ನೇರವಾದ ಉದಾಹರಣೆ 'ಡೆಡ್‌ಪೂಲ್ ಆಂಡ್ ವುಲ್ವರಿನ್'. 2017ರ 'ಲೋಗನ್' ಸಿನಿಮಾದಲ್ಲಿ ವುಲ್ವರಿನ್ ಸಾಯ್ತಾನೆ. ಸೂಪರ್‌ಹೀರೋ ಸಿನಿಮಾಗಳಲ್ಲಿ ನಾನು ನೋಡಿದ ಅತಿ ಗಟ್ಟಿಯಾದ ಸಾವು ಅದು. ವಯಸ್ಸಾಗಿದೆ, ಗಾಯ ಬೇಗ ಮಾಯ್ತಿಲ್ಲ, ಕುಡೀತಾನೆ, ಕೆಮ್ಮುತಾನೆ, ಕೊನೆಗೆ ಮಣ್ಣಿಗೆ ಸೇರ್ತಾನೆ. 2024ರಲ್ಲಿ ಡೆಡ್‌ಪೂಲ್ ಸಿನಿಮಾ ಶುರುವಾಗೋದೇ ಆ ಸಮಾಧಿಯನ್ನ ಅಗೆಯೋದರಿಂದ. ಅಸ್ಥಿಪಂಜರ ಎತ್ತಿ, ಅದರ ಮೂಳೆಗಳನ್ನೇ ಆಯುಧ ಮಾಡಿಕೊಂಡು, ಹಾಡಿಗೆ ಹೆಜ್ಜೆ ಹಾಕ್ತಾ ಸೈನಿಕರನ್ನ ಸಾಯಿಸ್ತಾನೆ. ನಾನೂ ನಕ್ಕೆ. ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಆಮೇಲೆ ಬೇರೊಂದು ಯೂನಿವರ್ಸ್‌ನಿಂದ ಇನ್ನೊಬ್ಬ ವುಲ್ವರಿನ್ ಬಂದು, ಅವನೂ ಡೆಡ್‌ಪೂಲೂ ಅರ್ಧ ಸಿನಿಮಾ ಒಬ್ಬರಿಗೊಬ್ಬರು ಚುಚ್ಚಿಕೊಳ್ತಾರೆ. ಇಬ್ಬರ ಗಾಯವೂ ತಕ್ಷಣ ಮಾಯುತ್ತೆ. ಕಾರೊಳಗೆ ಕೂತು ಹೊಡೆದಾಡೋ ಆ ಉದ್ದನೆಯ ಸೀನ್‌ನಲ್ಲಿ ನನಗೆ ಪಾಪ ಅನ್ನಿಸಿದ್ದು ಕಾರಿಗೆ ಮಾತ್ರ.

ಫಸ್ಟ್ ಇಯರ್‌ನಲ್ಲಿ ಮೆಕ್ಯಾನಿಕ್ಸ್ ಮೇಷ್ಟ್ರು ಹೇಳಿಕೊಟ್ಟ ಒಂದೇ ಮಾತು ನಮ್ಮ ತಲೆಯಲ್ಲಿ ಉಳಿದಿದ್ದರೆ, ಅದು ಆಕ್ಷನ್ ಇದ್ದರೆ ರಿಯಾಕ್ಷನ್ ಇರಬೇಕು ಅನ್ನೋದು. ಸಿನಿಮಾದಲ್ಲೂ ಅಷ್ಟೇ. 'ಜಾನ್ ವಿಕ್ 4' ತಗೊಳ್ಳಿ. ಪ್ಯಾರಿಸ್‌ನಲ್ಲಿ ಸಾಕ್ರೆ ಕೂರ್ ಚರ್ಚಿಗೆ ಹೋಗೋ ದಾರಿಯಲ್ಲಿ 222 ಮೆಟ್ಟಿಲು. ಸೂರ್ಯ ಹುಟ್ಟೋದ್ರೊಳಗೆ ಮೇಲೆ ಹೋಗಿ ತಲುಪಬೇಕು. ಒಬ್ಬೊಬ್ಬರನ್ನೇ ಹೊಡೀತಾ ಹತ್ತುತಾನೆ, ಇನ್ನೇನು ಮೇಲೆ ಬಂದ ಅನ್ನೋವಾಗ ಒಬ್ಬ ಒದ್ದು ಪೂರ್ತಿ ಕೆಳಗೆ ಉರುಳಿಸ್ತಾನೆ. ಉರುಳ್ತಾನೆ, ಉರುಳ್ತಾನೆ, ಇನ್ನೂ ಉರುಳ್ತಾನೆ. ಥಿಯೇಟರಿನಲ್ಲಿ ಮೊದಲು ನಗು, ಆಮೇಲೆ "ಅಯ್ಯೋ ಪಾಪ" ಅನ್ನೋ ಸದ್ದು. ಯಾಕಂದ್ರೆ ಮತ್ತೆ ಅಷ್ಟೂ ಮೆಟ್ಟಿಲು ಹತ್ತಬೇಕು ಅನ್ನೋದು ಎಲ್ಲರಿಗೂ ಗೊತ್ತಾಗುತ್ತೆ. ನಮ್ಮ ಬ್ಲಾಕಿನ ಲಿಫ್ಟ್ ಕೆಟ್ಟ ದಿನ ಡ್ರಾಯಿಂಗ್ ಶೀಟ್ ರೂಮಿನಲ್ಲೇ ಮರೆತು ಬಂದವರಿಗೆ ಈ ಸೀನ್ ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ. ಆ ಹೀರೋಗೂ ಬುಲೆಟ್‌ಪ್ರೂಫ್ ಕೋಟ್ ಇದೆ, ಅವನೂ ಮನುಷ್ಯರಂತೆ ಸಾಯಲ್ಲ, ಲಾಜಿಕ್ ಹುಡುಕಿದರೆ ಸಿಗಲ್ಲ. ಆದರೆ ಮೆಟ್ಟಿಲಿಗೆ ಲೆಕ್ಕ ಇದೆ. ದಣಿವಿಗೆ ಲೆಕ್ಕ ಇದೆ. ಸಿನಿಮಾದ ಕೊನೆಗೆ ಅವನು ಸಾಯ್ತಾನೆ ಕೂಡ. (ಐದನೇ ಭಾಗ ಬರುತ್ತೆ ಅಂತ ಘೋಷಣೆ ಆಗಿದೆ. ಕೀನು ರೀವ್ಸ್ ಇದ್ದಾರೆ. ಸಮಾಧಿಗಳ ಕಾಲ ಮುಗಿದಂಗೆ ಕಾಣುತ್ತೆ.)

ಇದನ್ನ ಸೂಪರ್‌ಹೀರೋ ಕ್ಲೈಮ್ಯಾಕ್ಸ್ ಜೊತೆ ಹೋಲಿಸಿ ನೋಡಿ. ಆಕಾಶದಲ್ಲಿ ಒಂದು ತೂತು, ಅದರಿಂದ ನೀಲಿಯದೋ ನೇರಳೆಯದೋ ಬೆಳಕು. ಇಬ್ಬರು ಗಾಳಿಯಲ್ಲಿ ತೇಲ್ತಾ ಗುದ್ದಾಡ್ತಾರೆ. ಗುದ್ದಿದರೆ ಒಬ್ಬ ನಾಲ್ಕು ಕಟ್ಟಡ ತೂರಿಕೊಂಡು ಹೋಗಿ, ಕೋಟಿನ ಧೂಳು ಕೊಡವಿ ವಾಪಸ್ ಬರ್ತಾನೆ. ಫ್ರೀ ಬಾಡಿ ಡಯಾಗ್ರಾಂ ಬರೆಯೋಕೆ ಹೋದರೆ ಬಾಣ ಎಲ್ಲಿ ಹಾಕಬೇಕು ಅಂತಾನೇ ಗೊತ್ತಾಗಲ್ಲ. ಆ ನಾಲ್ಕು ಕಟ್ಟಡದೊಳಗೆ ಇದ್ದವರ ಬಗ್ಗೆ ಯಾರೂ ಕೇಳಲ್ಲ.

ಕಳೆದ ವರ್ಷದ ಮೂರು ಸಿನಿಮಾಗಳನ್ನ ಈ ಒಂದೇ ತಕ್ಕಡಿಯಲ್ಲಿ ತೂಗಿ ನೋಡೋಣ. ಮೂರನ್ನೂ ನಾನು ಥಿಯೇಟರಿನಲ್ಲೇ ನೋಡಿದ್ದು, ಹಾಗಾಗಿ ದುಡ್ಡು ಕೊಟ್ಟವರ ಹಕ್ಕಿನಿಂದಾನೇ ಮಾತಾಡ್ತೀನಿ. ಮಲ್ಟಿಪ್ಲೆಕ್ಸ್ ಟಿಕೆಟ್‌ಗೆ 200 ರೂಪಾಯಿ ಮಿತಿ ಅಂತ ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ಮಾಡಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ನಮ್ಮ ಸಂತೋಷ ಎರಡು ವಾರವೂ ಬಾಳಲಿಲ್ಲ.

'ಥಂಡರ್‌ಬೋಲ್ಟ್ಸ್' ಬಗ್ಗೆ ನನಗೆ ಅರ್ಧ ಪ್ರೀತಿ. ವಿಲನ್ ಅಂದ್ರೆ ಬಾಬ್ ಅನ್ನೋ ಹುಡುಗನ ಒಳಗಿನ ಕತ್ತಲೆ. ಅವನು ಆ ಕತ್ತಲೆಯನ್ನ ಗುದ್ದಿದಷ್ಟೂ ಅದು ಇವನನ್ನೇ ನುಂಗೋಕೆ ಶುರು ಮಾಡುತ್ತೆ. ಕೊನೆಗೆ ಎಲ್ಲರೂ ಹೋಗಿ ಅವನನ್ನ ತಬ್ಬಿಕೊಳ್ತಾರೆ, ಅಷ್ಟೇ ಕ್ಲೈಮ್ಯಾಕ್ಸ್. ಹಾಸ್ಟೆಲ್‌ನಲ್ಲಿ ಒಂದು ಸೆಮಿಸ್ಟರ್ ಕಳೆದ ಯಾರಿಗಾದ್ರೂ ಆ ಸೀನ್ ತಾಗುತ್ತೆ. ಬ್ಯಾಕ್‌ಲಾಗ್ ಬಂದು ಬಾಗಿಲು ಹಾಕಿಕೊಂಡು ಕೂತವರ ರೂಮಿಗೆ ಹೋಗಿ ನಾವು ಮಾಡೋದೂ ಅದನ್ನೇ ಅಲ್ವಾ, ಏನೂ ಹೇಳದೆ ಸುಮ್ಮನೆ ಪಕ್ಕದಲ್ಲಿ ಕೂರೋದು. ಆದರೆ ಅದಕ್ಕಿಂತ ಮುಂಚೆ ನ್ಯೂಯಾರ್ಕಿನ ರಸ್ತೆಗಳಲ್ಲಿ ಜನ ಒಬ್ಬೊಬ್ಬರಾಗಿ ಕಪ್ಪು ನೆರಳಾಗಿ ನೆಲಕ್ಕೆ ಅಂಟಿ ಹೋಗಿದ್ರಲ್ಲ, ಅವರೆಲ್ಲ? ಎಲ್ಲರೂ ವಾಪಸ್. ಒಂದು ಗೀರೂ ಇಲ್ಲ. ಅಷ್ಟು ಹೊತ್ತು ಹುಟ್ಟಿಸಿದ ಭಯಕ್ಕೆ ರೀಫಂಡ್ ಕೊಟ್ಟಂಗಾಯ್ತು.

'ಫೆಂಟಾಸ್ಟಿಕ್ ಫೋರ್' ಇನ್ನೂ ಬೇಜಾರು. ಕತೆಯ ಪ್ರಶ್ನೆ ಮಾತ್ರ ಅದ್ಭುತ. ಗ್ಯಾಲಕ್ಟಸ್ ಅನ್ನೋ ದೈತ್ಯ, ನಿಮ್ಮ ಮಗುವನ್ನ ಕೊಟ್ಟರೆ ಭೂಮಿಯನ್ನ ಬಿಡ್ತೀನಿ ಅಂತಾನೆ. ಅಪ್ಪ ಅಮ್ಮ ಕೊಡಲ್ಲ. ಜನ ಮನೆ ಮುಂದೆ ಬಂದು ನಿಂತು ಸಿಟ್ಟಾಗ್ತಾರೆ. ಆ ಸಿಟ್ಟಿನಲ್ಲಿ ನ್ಯಾಯ ಇದೆ. ನಾವು ಆ ಗುಂಪಿನಲ್ಲಿದ್ದಿದ್ರೆ ನಾವೂ ಕೂಗ್ತಿದ್ವಿ. ಇಷ್ಟು ಒಳ್ಳೆ ಇಕ್ಕಟ್ಟು ಕಟ್ಟಿ, ಕೊನೆಗೆ ಏನು ಮಾಡಿದ್ರು? ತಾಯಿ ಸೂ ತನ್ನ ಶಕ್ತಿಯೆಲ್ಲ ಹಾಕಿ ದೈತ್ಯನನ್ನ ತಳ್ಳಿ ಸಾಯ್ತಾಳೆ. ಕರ್ಚೀಫ್ ತೆಗೆಯೋಣ ಅನ್ನೋಷ್ಟರಲ್ಲಿ ಕೂಸು ಅವಳ ಮೈಮೇಲೆ ಹರಿದಾಡಿ ಎಬ್ಬಿಸಿಬಿಡುತ್ತೆ. ಜೇಬಿನಿಂದ ಕರ್ಚೀಫ್ ಹೊರಗೆ ಬರೋದಕ್ಕೂ ಟೈಮ್ ಕೊಡಲಿಲ್ಲ.

ಮೂರನೇದು 'ಸೂಪರ್‌ಮ್ಯಾನ್'. ಜೇಮ್ಸ್ ಗನ್ ಸಿನಿಮಾ ಶುರುವಾಗೋದೇ ಸೂಪರ್‌ಮ್ಯಾನ್ ಸೋತು ಹಿಮದ ಮೇಲೆ ದೊಪ್ಪನೆ ಬೀಳೋದರಿಂದ. ಮೂಳೆ ಮುರಿದಿದೆ, ಬಾಯಲ್ಲಿ ರಕ್ತ, ನಾಯಿಗೆ ಸಿಳ್ಳೆ ಹೊಡೆಯೋಕೂ ಕಷ್ಟ ಪಡ್ತಾನೆ. ನಾಯಿ ಬಂದು ಸಹಾಯ ಮಾಡೋ ಬದಲು ಅವನ ಮೇಲೇ ಕುಣಿಯುತ್ತೆ. ಆಮೇಲೆ ದೊಡ್ಡ ಪ್ರಾಣಿಯೊಂದು ನಗರಕ್ಕೆ ನುಗ್ಗಿದಾಗ, ಅದರ ಕಾಲಡಿ ಸಿಗಬೇಕಿದ್ದ ಒಂದು ಅಳಿಲನ್ನ ಎತ್ತಿ ಪಕ್ಕಕ್ಕೆ ಬಿಡ್ತಾನೆ. ಇದಕ್ಕೆ ನಮ್ಮ ಗ್ಯಾಂಗಲ್ಲಿ ಒಬ್ಬ "ಏನ್ ಮಗಾ ಇದು, ಅಳಿಲಾ?" ಅಂತ ಜೋರಾಗಿ ನಕ್ಕ. ನನಗೆ ಆ ಅಳಿಲಿಂದಾನೇ ಸಿನಿಮಾ ಇಷ್ಟ ಆಯ್ತು. ಕಾಲಡಿ ಯಾರಿದ್ದಾರೆ ಅಂತ ಬಗ್ಗಿ ನೋಡೋ ಸೂಪರ್‌ಹೀರೋ ನೋಡಿ ಎಷ್ಟು ದಿನ ಆಗಿತ್ತು.

ಅದರಲ್ಲೇ ಮಾಲಿ ಅನ್ನೋ ಒಬ್ಬ ಇದ್ದಾನೆ. ರಸ್ತೆ ಬದಿ ಫಲಾಫೆಲ್ ಮಾರೋನು, ನಮ್ಮ ಕಾಲೇಜ್ ಗೇಟ್ ಹತ್ತಿರದ ಗೋಬಿ ಗಾಡಿಯವರ ಥರ. ಸೂಪರ್‌ಮ್ಯಾನ್ ಗುಂಡಿಯಲ್ಲಿ ಬಿದ್ದಾಗ ಇಳಿದು ಬಂದು ಕೈ ಹಿಡಿದು ಎಬ್ಬಿಸ್ತಾನೆ. ಅಷ್ಟೇ ಕಾರಣಕ್ಕೆ ಲೆಕ್ಸ್ ಲೂಥರ್ ಅವನನ್ನ ಹಿಡ್ಕೊಂಡು ಬಂದು, ಸೂಪರ್‌ಮ್ಯಾನ್ ಕಣ್ಣೆದುರೇ ತಲೆಗೆ ಪಿಸ್ತೂಲು ಇಟ್ಟು ಕುದುರೆ ಒತ್ತುತಾನೆ. ಸತ್ತ. ಮುಗೀತು. ಯಾವ ಮಗುವೂ ಬರಲ್ಲ, ಯಾವ ಯೂನಿವರ್ಸ್‌ನಿಂದಲೂ ಇನ್ನೊಬ್ಬ ಮಾಲಿ ಬರಲ್ಲ. ಇಡೀ ಸಿನಿಮಾದಲ್ಲಿ ಎಷ್ಟು ಕಟ್ಟಡ ಬಿತ್ತು ಅಂತ ನನಗೆ ನೆನಪಿಲ್ಲ, ಆ ಒಂದು ಸದ್ದು ನೆನಪಿದೆ. ಅಂದ ಹಾಗೆ, ನಮ್ಮ ಸೆನ್ಸಾರ್ ಮಂಡಳಿ ಈ ಸಿನಿಮಾದಲ್ಲಿ ಕತ್ತರಿಸಿದ್ದು ಹೀರೋ ಹೀರೋಯಿನ್ ಮುತ್ತು ಕೊಡೋ ಅರ್ಧ ನಿಮಿಷವನ್ನ. ತಲೆಗೆ ಗುಂಡು ಹಾಕೋದು ಮನೆಮಂದಿ ಜೊತೆ ಕೂತು ನೋಡಬಹುದು, ಮುತ್ತು ಆಗಲ್ಲ.

ಈಗ ಬೆಕ್ಕಿನ ವಿಷಯಕ್ಕೆ ಬರೋಣ.

ಬೆಕ್ಕಿಗೆ ಒಂಬತ್ತು ಜೀವ ಅನ್ನೋದು ಇಂಗ್ಲಿಷ್‌ನವರ ನಂಬಿಕೆ. 'ಪುಸ್ ಇನ್ ಬೂಟ್ಸ್: ದಿ ಲಾಸ್ಟ್ ವಿಶ್' ಅನ್ನೋ 2022ರ ಅನಿಮೇಷನ್ ಸಿನಿಮಾ ಈ ನಂಬಿಕೆಯನ್ನ ಇಟ್ಕೊಂಡು ಒಂದು ಸರಳ ಕಳೆಯೋ ಲೆಕ್ಕ ಮಾಡುತ್ತೆ. ಹೀರೋ ಬೆಕ್ಕು ಒಂದು ಹಬ್ಬದ ರಾತ್ರಿ ದೈತ್ಯನನ್ನ ಸೋಲಿಸಿ, ಬೀಗ್ತಾ ನಿಂತಿರೋವಾಗ ಗಂಟೆ ತಲೆ ಮೇಲೆ ಬಿದ್ದು ಸಾಯುತ್ತೆ. ಎದ್ದಾಗ ಡಾಕ್ಟರ್ ಕೇಳ್ತಾನೆ, ಇದು ಎಷ್ಟನೇ ಸಾವು? ಬೆಕ್ಕು ಒಂದೊಂದೇ ನೆನಪಿಸಿಕೊಳ್ಳುತ್ತೆ, ಎಲ್ಲವೂ ಪೆದ್ದು ಸಾವುಗಳೇ. ಎಣಿಸಿದರೆ ಎಂಟು. ಉಳಿದಿರೋದು ಒಂದು.

ಅಲ್ಲಿಂದ ಮುಂದೆ ಆ ಸಿನಿಮಾದಲ್ಲಿ ಪ್ರತಿ ಕತ್ತಿ ಏಟಿಗೂ ತೂಕ ಬರುತ್ತೆ. ಬಾರಿನಲ್ಲಿ ಒಂದು ತೋಳ ಬಂದು ಪಕ್ಕದಲ್ಲಿ ಕೂರುತ್ತೆ. ಎರಡು ಕುಡುಗೋಲು, ಒಂದು ಸಿಳ್ಳೆ. ಬೆಕ್ಕಿನ ಹಣೆಯಲ್ಲಿ ಒಂದೇ ಒಂದು ಹನಿ ರಕ್ತ ಇಳಿಯುತ್ತೆ, ಮೈಮೇಲಿನ ಕೂದಲೆಲ್ಲ ನಿಮಿರುತ್ತೆ. ಆಮೇಲೆ ಅದು ಓಡುತ್ತೆ. ಎಂಟು ಸಲ ಸತ್ತು ನಕ್ಕಿದ್ದ ಹೀರೋ, ಹಿಂದೆ ತಿರುಗಿ ನೋಡದೆ ಓಡ್ತಾನೆ. ನಾನು ಇದನ್ನ ಲ್ಯಾಪ್‌ಟಾಪಿನಲ್ಲಿ ಚಿಕ್ಕಪ್ಪನ ಮಗಳನ್ನ ಪಕ್ಕ ಕೂರಿಸಿಕೊಂಡು ನೋಡಿದ್ದು. ಅವಳಿಗೆ ಎಂಟು ವರ್ಷ. ತೋಳ ಸಿಳ್ಳೆ ಹಾಕಿದಾಗಲೆಲ್ಲ ದಿಂಬು ಮುಖಕ್ಕೆ ಹಿಡ್ಕೊಳ್ತಿದ್ಲು. ನಾನು ಹಿಡ್ಕೊಳ್ಳಲಿಲ್ಲ, ದಿಂಬು ಇದ್ದದ್ದು ಒಂದೇ.

ಸಿನಿಮಾದ ಮಧ್ಯೆ ಕಾಡಿನಲ್ಲಿ ಆ ಬೆಕ್ಕಿಗೆ ಉಸಿರು ಕಟ್ಟುತ್ತೆ, ಎದೆ ಹೊಡ್ಕೊಳ್ಳುತ್ತೆ, ಮರಕ್ಕೆ ಒರಗಿ ಕೂರುತ್ತೆ. ಜೊತೆಗಿರೋ ಪೆದ್ದು ನಾಯಿಮರಿ ಏನೂ ಕೇಳದೆ ಅದರ ಹೊಟ್ಟೆ ಮೇಲೆ ತಲೆ ಇಟ್ಟು ಮಲಗುತ್ತೆ, ಉಸಿರು ನಿಧಾನ ಆಗೋವರೆಗೂ. ಪ್ಯಾನಿಕ್ ಅಟ್ಯಾಕ್ ಅಂದ್ರೆ ಏನು ಅಂತ ಇಷ್ಟು ಸರಿಯಾಗಿ ತೋರಿಸಿದ ಲೈವ್ ಆಕ್ಷನ್ ಸೂಪರ್‌ಹೀರೋ ಸಿನಿಮಾ ಇದ್ದರೆ ಹೇಳಿ, ನೋಡ್ತೀನಿ. ಬಾಬ್‌ನ ತಬ್ಬಿಕೊಳ್ಳೋ ಸೀನ್‌ಗೂ ಮೂರು ವರ್ಷ ಮೊದಲೇ ಒಂದು ನಾಯಿಮರಿ ಆ ಕೆಲಸ ಮಾಡಿ ಮುಗಿಸಿತ್ತು, ಅದೂ ಸಿಟಿ ಉರುಳಿಸದೆ.

ಇಲ್ಲಿ ಒಂದು ಎದುರುವಾದ ಬರುತ್ತೆ ಅಂತ ಗೊತ್ತು: ತಪ್ಪು ಮಲ್ಟಿವರ್ಸ್‌ದು, ಅದು ಬಂದ ಮೇಲೆ ಯಾರು ಸತ್ತರೂ ಇನ್ನೊಬ್ಬ ಸಿಗ್ತಾನೆ, ಸಿನಿಮಾದವರು ಏನು ಮಾಡ್ತಾರೆ? ಹಾಗಿದ್ರೆ 'ಸ್ಪೈಡರ್‌ವರ್ಸ್' ನೋಡಿ. ಅಲ್ಲಿ ಮಲ್ಟಿವರ್ಸ್ ಬಿಟ್ಟು ಬೇರೇನೂ ಇಲ್ಲ. ಸಾವಿರಾರು ಸ್ಪೈಡರ್‌ಮ್ಯಾನ್‌ಗಳು, ಕುದುರೆ ಮೇಲೆ ಕೂತವನೂ ಇದ್ದಾನೆ, ಆ ಕುದುರೆಗೂ ಮುಖವಾಡ ಇದೆ. ಆದರೂ 'ಅಕ್ರಾಸ್ ದಿ ಸ್ಪೈಡರ್‌ವರ್ಸ್'ನ ಜಗಳ ಪೂರ್ತಿ ಒಬ್ಬ ಅಪ್ಪನ ಬಗ್ಗೆ. ಮೈಲ್ಸ್‌ನ ಅಪ್ಪ ಸಾಯಲೇಬೇಕು, ಸ್ಪೈಡರ್‌ಮ್ಯಾನ್ ಕತೆ ನಡೆಯೋದೇ ಹಾಗೆ ಅಂತ ಎಲ್ಲರೂ ಹೇಳ್ತಾರೆ. ಅವನು ಆಗಲ್ಲ ಅಂತಾನೆ. ಲಕ್ಷ ಯೂನಿವರ್ಸ್‌ಗಳಲ್ಲಿ ಲಕ್ಷ ಅಪ್ಪಂದಿರು ಇರಬಹುದು, ಇವನ ಅಪ್ಪ ಇವನಿಗೆ ಒಬ್ಬನೇ. ತಾಂತ್ರಿಕವಾಗಿ ಅದೇ ಸಿಲೆಬಸ್, ಉತ್ತರ ಬರೆದ ರೀತಿ ಬೇರೆ.

ಈ ಸರಣಿಯ ಮೊದಲ ಭಾಗದಲ್ಲಿ (2018) ನಮ್ಮಂಥವರಿಗೆ ಅಂತಾನೇ ಇಟ್ಟಂಥ ಒಂದು ಸಂಗತಿ ಇದೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತೆ. ಕಂಪ್ಯೂಟರ್ ಅನಿಮೇಷನ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಫ್ರೇಮಿಗೂ ಪಾತ್ರದ ಭಂಗಿ ಬದಲಾಗುತ್ತೆ. ಒಂದೇ ಭಂಗಿಯನ್ನ ಎರಡೆರಡು ಫ್ರೇಮ್ ಹಿಡಿದಿಟ್ಟರೆ ಸೆಕೆಂಡಿಗೆ 12 ಭಂಗಿ, ಚಲನೆ ಸ್ವಲ್ಪ ಎಡವಿದಂಗೆ ಕಾಣುತ್ತೆ. ಕಾಡಿನಲ್ಲಿ ಬಲೆ ಬೀಸಿ ಹಾರೋದನ್ನ ಕಲಿಯೋ ಸೀನ್‌ನಲ್ಲಿ ಅನುಭವಿ ಪೀಟರ್ 24ರಲ್ಲಿ ಹಾರ್ತಾನೆ, ಹೊಸಬ ಮೈಲ್ಸ್ 12ರಲ್ಲಿ. ಇಬ್ಬರೂ ಒಂದೇ ಪರದೆ ಮೇಲೆ ಅಕ್ಕಪಕ್ಕದಲ್ಲಿ! ಅವನಿಗೆ ವಿದ್ಯೆ ಹತ್ತಿದ ಮೇಲೆ ಅವನ ಚಲನೆಯೂ ನಯ ಆಗುತ್ತೆ. ಇದು ಮೊದಲ ಸಲ ನೋಡಿದಾಗ ನನಗೆ ಗೊತ್ತಾಗಿರಲಿಲ್ಲ, ಸುಮ್ಮನೆ "ಈ ಹುಡುಗ ತಡವರಿಸ್ತಿದ್ದಾನೆ" ಅನ್ನಿಸಿತ್ತು. ಅನ್ನಿಸಬೇಕಾಗಿದ್ದೂ ಅಷ್ಟೇ. ಕಲಿಯೋ ಕಷ್ಟಕ್ಕೂ ಒಂದು ಲೆಕ್ಕ ಇಟ್ಟು, ಅದನ್ನ ಫ್ರೇಮ್ ರೇಟಿನೊಳಗೆ ಬಚ್ಚಿಟ್ಟಿದ್ದಾರೆ.

ಜಪಾನಿನ ಅನಿಮೆ ಬಗ್ಗೆ ಏನೂ ಹೇಳದೆ ಹೋದರೆ ಸೆಕೆಂಡ್ ಫ್ಲೋರಿನ ಅರ್ಧ ಜನ ನನ್ನ ಜೊತೆ ಮಾತು ಬಿಡ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಬಂದಾಗ ಬೆಳಗಿನ ಜಾವದ ಶೋಗೆ ಹೋಗೋಕೆ ಗೇಟ್ ಪಾಸ್ ಕೇಳಿದವರಿದ್ರು. ಚಿತ್ರಗಳು ಕಣ್ಣು ಕುಕ್ಕುವಷ್ಟು ಚೆಂದ, ಆ ಮೇಲೆ ಕೆಳಗೆ ತಿರುಗೋ ಕೋಟೆ ನೋಡೋಕೆ ಮಾತ್ರ ಹೋದರೂ ಮೋಸ ಇಲ್ಲ. ಆದರೆ ಮಾರಾಯ್ರೇ, ಒಬ್ಬ ಕತ್ತಿ ಎತ್ತಿರ್ತಾನೆ, ಅದು ಇಳಿಯೋದ್ರೊಳಗೆ ಅವನ ಬಾಲ್ಯ, ಅವನ ಗುರು, ಅವನ ಮದುವೆ ನಿಶ್ಚಯ ಎಲ್ಲ ಬಂದು ಹೋಗುತ್ತೆ. ಎರಡೂವರೆ ಗಂಟೆಯ ಸಿನಿಮಾದಲ್ಲಿ ಕತ್ತಿಗಳು ಗಾಳಿಯಲ್ಲಿ ನಿಂತಿದ್ದ ಹೊತ್ತೇ ಜಾಸ್ತಿ. ಆದರೂ ಅಕಾಜಾನ ಕತೆ ಬಂದಾಗ ಥಿಯೇಟರ್ ಪೂರ್ತಿ ಮೌನ ಆಯ್ತು. ಅಲ್ಲಿ ರಾಕ್ಷಸನ ಸಾವಿಗೂ ಬೆಲೆ ಕಟ್ತಾರೆ. ಬೇಜಾರಾದದ್ದು ಇನ್ನೊಂದು ವಿಷಯಕ್ಕೆ: ಹಿಂದಿ, ತಮಿಳು, ತೆಲುಗು ಡಬ್ ಬಂತು, ಕನ್ನಡ ಇಲ್ಲ. 2023ರಲ್ಲಿ 'ಅಕ್ರಾಸ್ ದಿ ಸ್ಪೈಡರ್‌ವರ್ಸ್' ಭಾರತದಲ್ಲಿ ಹತ್ತು ಭಾಷೆಯಲ್ಲಿ ಬಂದಾಗ ಕನ್ನಡವೂ ಇತ್ತು. ಆಗ ಎಷ್ಟು ಜನ ಅದನ್ನೇ ಹುಡುಕಿ ಹೋಗಿ ನೋಡಿದ್ವಿ ಅನ್ನೋದನ್ನ ಸಂಘದ ಮೀಟಿಂಗ್‌ನಲ್ಲಿ ಕೈ ಎತ್ತಿಸಿ ಕೇಳಬೇಕು ಅಂತ ಆಸೆ ಇದೆ.

ನಮ್ಮ ಕಡೆಯದನ್ನೂ ತೂಗಲೇಬೇಕಲ್ಲ. 2025ರ ಜುಲೈ 25ರ ಶುಕ್ರವಾರ ನೆನಪಿದೆಯಾ? ಒಂದೇ ದಿನ 'ಫೆಂಟಾಸ್ಟಿಕ್ ಫೋರ್', 'ಸು ಫ್ರಮ್ ಸೋ', 'ಮಹಾವತಾರ ನರಸಿಂಹ' ಮೂರೂ ಬಂದವು. 'ಸು ಫ್ರಮ್ ಸೋ'ಗೆ ಟಿಕೆಟ್ ಸಿಗದೆ ಒದ್ದಾಡಿದ ಕತೆ ಎಲ್ಲರದ್ದೂ ಇದೆ, ಬಿಡಿ. ಅಶ್ವಿನ್ ಕುಮಾರ್ ನಿರ್ದೇಶನದ, ಹೊಂಬಾಳೆಯವರು ತಂದ ನರಸಿಂಹನ ಅನಿಮೇಷನ್ ಬಗ್ಗೆ ನನಗೆ ಆಸಕ್ತಿ ಇದ್ದದ್ದು ಕಡಿಮೆ. ಟ್ರೇಲರ್‌ನಲ್ಲಿ ಪಾತ್ರಗಳ ನಡಿಗೆ ಬಿಗಿಯಾಗಿತ್ತು, ತುಟಿ ಒಂದು ಕಡೆ ಮಾತು ಒಂದು ಕಡೆ. ಸಿನಿಮಾ ನೋಡಿದ ಮೇಲೂ ಆ ಮಾತು ವಾಪಸ್ ತಗೊಳ್ಳಲ್ಲ. ಮೊದಲರ್ಧದಲ್ಲಿ ಕೆಲವು ಸೀನ್ ಹಳೇ ವಿಡಿಯೋ ಗೇಮಿನ ಕಟ್‌ಸೀನ್ ಥರಾನೇ ಇವೆ.

ಆದರೂ ಕ್ಲೈಮ್ಯಾಕ್ಸ್‌ನಲ್ಲಿ ಥಿಯೇಟರ್ ಎದ್ದು ನಿಂತಿತು. ಭಕ್ತಿ ಅನ್ನಬಹುದು, ಅದು ಇದ್ದೇ ಇತ್ತು. ನನಗೆ ಕಂಡ ಇನ್ನೊಂದು ಕಾರಣ ಹೇಳ್ತೀನಿ. ಹಿರಣ್ಯಕಶಿಪು ಕೇಳಿಕೊಂಡ ವರವನ್ನ ಒಂದು ಪ್ರಾಬ್ಲಂ ಸ್ಟೇಟ್‌ಮೆಂಟ್ ಥರ ಓದಿ ನೋಡಿ. ಮನುಷ್ಯನಿಂದ ಸಾವು ಬರಬಾರದು, ಪ್ರಾಣಿಯಿಂದಲೂ ಬರಬಾರದು. ಹಗಲಲ್ಲಿ ಅಲ್ಲ, ರಾತ್ರಿ ಅಲ್ಲ. ಮನೆ ಒಳಗಲ್ಲ, ಹೊರಗಲ್ಲ. ಭೂಮಿ ಮೇಲಲ್ಲ, ಆಕಾಶದಲ್ಲಲ್ಲ. ಆಯುಧದಿಂದಲ್ಲ. ಇಷ್ಟು ಕನ್‌ಸ್ಟ್ರೇಂಟ್ಸ್ ಹಾಕಿದ ಮೇಲೆ ಉತ್ತರವೇ ಇರಲ್ಲ ಅಂದುಕೊಂಡು ಆತ ನೆಮ್ಮದಿಯಾಗಿದ್ದ. ಉತ್ತರ ಇತ್ತು: ನರಸಿಂಹ, ಮುಸ್ಸಂಜೆ, ಹೊಸ್ತಿಲು, ತೊಡೆ, ಉಗುರು. ಒಂದೂ ಷರತ್ತು ಮುರಿಯಲಿಲ್ಲ. ದೇವರಿಗೆ ಬೇಕಿದ್ದರೆ ವರ ಕ್ಯಾನ್ಸಲ್ ಅನ್ನಬಹುದಿತ್ತು. ಅನ್ನಲಿಲ್ಲ. ಕೊಟ್ಟ ಮಾತಿನ ಒಳಗೇ ದಾರಿ ಹುಡುಕಿದ.

ಕತೆ ಎಲ್ಲರಿಗೂ ಮೊದಲೇ ಗೊತ್ತಿದ್ದೂ ರೋಮಾಂಚನ ಆಗೋದು ಅದಕ್ಕೇ. ನಮ್ಮ ಅಜ್ಜಿಗಂತೂ ಹಿರಣ್ಯಕಶಿಪು ಅಂದ್ರೆ ರಾಜಣ್ಣನೇ, 1983ರ 'ಭಕ್ತ ಪ್ರಹ್ಲಾದ'ದಲ್ಲಿ ಅಪ್ಪು ಪ್ರಹ್ಲಾದ ಆಗಿದ್ದದ್ದು. ಟಿವಿಯಲ್ಲಿ ಎಷ್ಟನೇ ಸಲ ಬಂದರೂ ಕಂಬ ಒಡೆಯೋ ಹೊತ್ತಿಗೆ ಅಡುಗೆ ಒಲೆ ಆರಿಸಿ ಬಂದು ಕೂರ್ತಾರೆ. ಆಕೆಗೆ ಸ್ಪಾಯ್ಲರ್ ಅನ್ನೋ ಪದವೇ ಬೇಕಾಗಿಲ್ಲ. ನಿಯಮ ಗಟ್ಟಿ ಇದ್ದರೆ ಕೊನೆ ಗೊತ್ತಿದ್ರೂ ನಡೆಯುತ್ತೆ. ನಿಯಮಾನೇ ಇಲ್ಲದ ಶಕ್ತಿಗಳನ್ನ ಇಟ್ಟುಕೊಂಡು, ಕೊನೆ ಬೇರೆ ಊಹಿಸೋ ಥರ ಇದ್ದರೆ ಉಳಿಯೋದೇನು, ಪಾಪ್‌ಕಾರ್ನ್.

"ಹಾಗಾದ್ರೆ ಕೆಜಿಎಫ್‌ಗೆ ಯಾಕೆ ಸಿಳ್ಳೆ ಹೊಡೆದೆ? ರಾಕಿ ಭಾಯ್‌ಗೆ ಯಾವ ಗುಂಡು ತಾಗಿತ್ತು?" ಅಂತ ರೂಮ್‌ಮೇಟ್ ಈ ಬರಹದ ಕರಡು ಓದಿ ಕೇಳಿದ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ: ರಾಕಿಗೆ ಗುಂಡು ತಾಗದೇ ಇರಬಹುದು, ಸಾಲ ಇದೆ. ಅಮ್ಮನಿಗೆ ಕೊಟ್ಟ ಮಾತಿನ ಸಾಲ. ಎರಡು ಭಾಗ ಪೂರ್ತಿ ಆ ಒಂದು ಸಾಲ ತೀರಿಸೋಕೆ ಅವನು ಓಡೋದು, ಕೊನೆಗೆ ಅಷ್ಟೂ ಚಿನ್ನದ ಜೊತೆ ಸಮುದ್ರಕ್ಕೆ ಮುಳುಗ್ತಾನೆ. 2022ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಅದನ್ನ ನೋಡಿದಾಗ ಎಂಥಾ ಎಂಡಿಂಗ್ ಅನ್ನಿಸಿತ್ತು. ಕ್ರೆಡಿಟ್ಸ್ ಓಡೋಕೆ ಶುರುವಾದ ಮೇಲೆ "ಚಾಪ್ಟರ್ 3" ಅಂತ ಫೈಲ್ ತೋರಿಸಿದ್ರು. ಎಲ್ಲರೂ ಕಿರುಚಿದ್ರು. ನನಗೆ ಮುಳುಗಿದ ಹಡಗು ಅರ್ಧ ಮೇಲೆ ಎದ್ದಂಗಾಯ್ತು. ಹಾಗಾಗಿ ಹಾಲಿವುಡ್‌ನವರನ್ನ ಮಾತ್ರ ಬೈದು ನಮ್ಮವರನ್ನ ಬಿಡೋ ಉದ್ದೇಶ ಇಲ್ಲ.

ಇಲ್ಲಿಯವರೆಗೆ ಪರದೆ ಮೇಲಿನ ಲೆಕ್ಕ ಆಯ್ತು. ಪರದೆ ಹಿಂದೆ ಕೂತವರದ್ದೂ ಒಂದು ಲೆಕ್ಕ ಇದೆ, ಅದು ನಮ್ಮ ಊರಿಗೆ ತೀರಾ ಹತ್ತಿರದ್ದು. 'ದಿ ಜಂಗಲ್ ಬುಕ್'ಗೆ ವಿಶುವಲ್ ಎಫೆಕ್ಟ್ಸ್ ಆಸ್ಕರ್ ಬಂತಲ್ಲ, ಅದರ ಕಾಡು ಪ್ರಾಣಿಗಳ ಕೆಲಸದಲ್ಲಿ ಎಂಪಿಸಿ ಸ್ಟುಡಿಯೋದ ಬೆಂಗಳೂರು ತಂಡದ ಪಾಲೂ ಇತ್ತು. 2019ರ 'ದಿ ಲಯನ್ ಕಿಂಗ್'ನಲ್ಲೂ ಇತ್ತು. ಆ ಸ್ಟುಡಿಯೋ ಸೇರಿದ್ದ ಟೆಕ್ನಿಕಲರ್ ಗುಂಪು 2025ರ ಫೆಬ್ರವರಿಯಲ್ಲಿ ಕುಸಿಯಿತು. ಭಾರತದಲ್ಲಿ ಸುಮಾರು ಮೂರು ಸಾವಿರ ಜನರ ಕೆಲಸ, ಹೆಚ್ಚಿನವರು ಬೆಂಗಳೂರಿನವರು, ಕೆಲವೇ ದಿನಗಳಲ್ಲಿ ಅತಂತ್ರ ಆಯ್ತು. ನಮ್ಮ ಕಾಲೇಜಿನಲ್ಲೂ ಅನಿಮೇಷನ್, ಗೇಮ್ಸ್ ಕಡೆ ಹೋಗಬೇಕು ಅಂತ ರಾತ್ರಿಯೆಲ್ಲ ಕೂತು ಬ್ಲೆಂಡರ್ ಕಲೀತಿರೋರು ಇದ್ದಾರೆ, ಬ್ರಾಂಚ್ ಯಾವುದಾದ್ರೂ ಇರಲಿ. ಅವರಿಗೆ ಆ ವಾರ ಬರೀ ನ್ಯೂಸ್ ಆಗಿರಲಿಲ್ಲ.

ಅಮೆರಿಕದಲ್ಲೂ ಕತೆ ಬೇರೆ ಅಲ್ಲ. ಕೊನೇ ಗಳಿಗೆಯಲ್ಲಿ ಬದಲಾವಣೆ, ರಾತ್ರಿ ಹಗಲು ಕೆಲಸ ಅಂತ ದೂರಿ ದೂರಿ, ಮಾರ್ವೆಲ್‌ನ ವಿಎಫ್‌ಎಕ್ಸ್ ಕೆಲಸಗಾರರು 2023ರ ಸೆಪ್ಟೆಂಬರ್‌ನಲ್ಲಿ ಯೂನಿಯನ್ ಕಟ್ಟೋಕೆ ಒಮ್ಮತದಿಂದ ಮತ ಹಾಕಿದ್ರು. ಆಕಾಶದ ತೂತಿನಿಂದ ಬೀಳೋ ನೇರಳೆ ಬೆಳಕನ್ನ ನಾನು ಇಷ್ಟು ಹೊತ್ತು ಗೇಲಿ ಮಾಡಿದೆನಲ್ಲ, ಅದನ್ನ ಯಾರೋ ಹತ್ತು ಸಲ ಅಳಿಸಿ ಹತ್ತು ಸಲ ಹಾಕಿರ್ತಾರೆ. ನಿರ್ದೇಶಕರಿಗೆ ಏನು ಬೇಕು ಅಂತ ಮೊದಲೇ ಗೊತ್ತಿರದಿದ್ದರೆ ಬೆಲೆ ಕೊಡೋದು ಕೀಬೋರ್ಡ್ ಮುಂದೆ ಕೂತವರು. ನಾನು ಇಷ್ಟು ಹೊಗಳಿದ 'ಅಕ್ರಾಸ್ ದಿ ಸ್ಪೈಡರ್‌ವರ್ಸ್'ದೂ ಅದೇ ಪಾಡು. ಸುಮಾರು ನೂರು ಕಲಾವಿದರು ಕೆಲಸದ ಒತ್ತಡ ತಡೆಯಲಾರದೆ ಮಧ್ಯದಲ್ಲೇ ಬಿಟ್ಟು ಹೋದರು ಅಂತ ಒಳಗಿದ್ದವರೇ ಹೇಳಿದ್ದು ಆ ವರ್ಷ ವರದಿಯಾಗಿತ್ತು. ಇದನ್ನ ಓದಿದ ಮೇಲೂ ಆ ಸಿನಿಮಾ ನನಗೆ ಇಷ್ಟಾನೇ. ಮುಂದಿನ ಭಾಗ 2027ಕ್ಕೆ ಅಂತಾರೆ, ಇನ್ನೂ ತಡ ಆದರೂ ಪರವಾಗಿಲ್ಲ, ಮಾಡೋರು ಮನೆಗೆ ಹೋಗಿ ಮಲಗಲಿ.

ನಾವು ಮಾರ್ವೆಲ್ ಸಿನಿಮಾ ಮುಗಿದ ಮೇಲೆ ಆ ಪೋಸ್ಟ್ ಕ್ರೆಡಿಟ್ ಸೀನ್‌ಗೆ ಅಂತ ಸೀಟಲ್ಲೇ ಕೂತಿರ್ತೀವಿ, ಫೋನ್ ನೋಡ್ಕೊಂಡು. ಆ ಹೊತ್ತಲ್ಲಿ ಮೇಲೆ ಓಡೋ ಸಾಲುಗಳನ್ನ ಒಮ್ಮೆ ಗಮನಿಸಿ. ವಿಎಫ್‌ಎಕ್ಸ್ 

ಪಟ್ಟಿ ಬಂದಾಗ ನಮ್ಮ ಕಡೆಯ ಹೆಸರುಗಳು ಕಾಣ್ತವೆ. ಓದೋಕಾಗಲ್ಲ, ಅಷ್ಟು ಸಣ್ಣ ಅಕ್ಷರ, ಅಷ್ಟು ವೇಗ.

ಕೊನೆಗೆ ಇನ್ನೊಂದು ಬೆಕ್ಕು. 'ಫ್ಲೋ' ಅಂತ, ಲಾಟ್ವಿಯಾ ದೇಶದ್ದು, ನಿರ್ದೇಶಕ ಗಿಂಟ್ಸ್ ಜಿಲ್ಬಲೋಡಿಸ್. ಸಣ್ಣ ತಂಡ, ಪುಕ್ಕಟೆ ಸಿಗೋ ಅದೇ ಬ್ಲೆಂಡರ್ ಸಾಫ್ಟ್‌ವೇರ್. 2025ರ ಆಸ್ಕರ್‌ನಲ್ಲಿ ದೊಡ್ಡ ದೊಡ್ಡ ಸ್ಟುಡಿಯೋಗಳನ್ನ ಹಿಂದೆ ಹಾಕಿ ಅತ್ಯುತ್ತಮ ಅನಿಮೇಷನ್ ಪ್ರಶಸ್ತಿ ಗೆದ್ದಿತು. ಪ್ರವಾಹ ಬರುತ್ತೆ, ಒಂದು ಕಪ್ಪು ಬೆಕ್ಕು ಒಂದು ದೋಣಿ ಹತ್ತುತ್ತೆ, ಜೊತೆಗೆ ನಾಯಿ, ಲೀಮರ್, ದಡ್ಡ ದಡ್ಡನಾಗಿ ನಿದ್ದೆ ಮಾಡೋ ಒಂದು ಕ್ಯಾಪಿಬರಾ, ಉದ್ದ ಕಾಲಿನ ಒಂದು ಹಕ್ಕಿ. ಈ ಬೆಕ್ಕಿಗೆ ಬೂಟಿಲ್ಲ, ಕತ್ತಿಯಿಲ್ಲ, ಒಂದೇ ಜೀವ. ಅದು ನೀರಿಗೆ ಬಿದ್ದಾಗಲೆಲ್ಲ ನಾನು ಕುರ್ಚಿಯ ಕೈ ಹಿಡ್ಕೊಂಡಿದ್ದೆ, ಯಾವ ಸೂಪರ್‌ಹೀರೋಗೂ ಹಾಗೆ ಹಿಡ್ಕೊಂಡದ್ದಿಲ್ಲ.

ಹಾಸ್ಟೆಲ್ ಟಿವಿ ರೂಮಿನಲ್ಲಿ ಮುಂದಿನ ಶನಿವಾರ ಏನು ಹಾಕೋದು ಅಂತ ಗ್ರೂಪಿನಲ್ಲಿ ಪೋಲ್ ನಡೀತಿದೆ. ನನ್ನ ಓಟು 'ಫ್ಲೋ'ಗೆ. ಒಂದೂವರೆ ಗಂಟೆ ಒಳಗೆ ಮುಗಿಯುತ್ತೆ, ಮೆಸ್ ಬಾಗಿಲು ಹಾಕೋದ್ರೊಳಗೆ ಊಟಕ್ಕೂ ಹೋಗಬಹುದು. ಇಡೀ ಸಿನಿಮಾದಲ್ಲಿ ಒಂದೇ ಒಂದು ಮಾತಿಲ್ಲ, ಹಾಗಾಗಿ ಹಿಂದಿ ಡಬ್ ಹಾಕೋಣ್ವಾ ತೆಲುಗು ಹಾಕೋಣ್ವಾ ಅಂತ ಜಗಳವೂ ಇರಲ್ಲ.